ದೊಡ್ಡಣ್ಣನ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಮಿಕ್ಕವರಿಗೆಲ್ಲ ಸರಿ. ಅರಳೆ ಹಿಂಜಿ ಹಾಸಿಗೆ ಹೊಲಿಯುವ ಇವನ ಮನೆಯಲ್ಲಿ ಮಾತ್ರ ಕಾಲಿದ್ದಷ್ಟು ಹಾಸಿಗೆ. ಜ್ವರವೋ ಸೊಂಟನೋವೋ, ಯಾರಾದರೂ ಮಲಗಿದರೆಂದರೆ ಮೊದಲು ಬರುವುದು ಡಾಕ್ಟರಲ್ಲ, ಹೊಸ ಹಾಸಿಗೆ. "ಮೆತ್ತಗೆ ಮಲಗಿದವನು ಬೇಗ ಏಳ್ತಾನೆ" ಎಂದು ಅಪ್ಪ ಹೇಳುತ್ತಿದ್ದ. ಎದೆ ಕಟ್ಟಿಕೊಂಡು ಆ ಪುಣ್ಯಾತ್ಮ ತನ್ನ ಜನ್ಮದಲ್ಲೇ ಅತಿ ಮೆತ್ತಗಿನ ಹಾಸಿಗೆಯ ಮೇಲೆ ಮಲಗಿದ, ಏಳಲೇ ಇಲ್ಲ. ಆದರೂ ಮಾತು ಉಳಿಯಿತು. ಸತ್ತವರ ಮಾತಿಗೆ ಎದುರಾಡುವವರು ಯಾರು?

ದೊಡ್ಡಣ್ಣ ಅಂದರೆ ಆಮೆ. ಇವನು ಹುಟ್ಟುವ ಮೊದಲೇ ಮನೆಗೆ ಬಂದದ್ದು. "ನಿನಗಿಂತ ಹಿರಿಯ ಕಣೋ, ಮರ್ಯಾದೆ ಕೊಡು" ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ತಮಾಷೆ ಯಾವಾಗ ನಿಜವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಈಗ ಅಮ್ಮನಿಗೆ ಕಣ್ಣು ಕಾಣದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತು, ಗೋಡೆಯಾಚೆ ಅದರ ಚಿಪ್ಪು ನೆಲಕ್ಕೆ ಉಜ್ಜುವ ಸದ್ದು ಕೇಳಿದರೆ ಸಾಕು, ಅವಳ ದಿನ ಕಳೆಯುತ್ತಿತ್ತು.

ಆ ಸದ್ದು ನಿಂತಿತು. ದೊಡ್ಡಣ್ಣ ಸೊಪ್ಪು ಮುಟ್ಟಲಿಲ್ಲ. ಮೂಗಿನಲ್ಲಿ ಗುಳ್ಳೆ ಏಳುತ್ತಿತ್ತು, ಕತ್ತು ಚಾಚಿ ಬಾಯಿ ತೆರೆದೇ ಉಸಿರಾಡುತ್ತಿತ್ತು. ಇವನು ಇದ್ದುದರಲ್ಲಿ ಒಳ್ಳೆಯ ಅರಳೆ ಹಿಂಜಿ ಪುಟ್ಟದೊಂದು ಹಾಸಿಗೆ ಹೊಲಿದ. ವಾಸಿಯಾಗಲಿಲ್ಲ. ಇನ್ನಷ್ಟು ಅರಳೆ ತುಂಬಿದ.

"ಅದಕ್ಕೆ ಬೇಕಾಗಿರೋದು ಔಷಧಿ ರೀ, ಹಾಸಿಗೆ ಅಲ್ಲ," ಎಂದು ಹೆಂಡತಿ ಬೈದ ಮೇಲೆಯೇ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಒಯ್ದದ್ದು.

ಡಾಕ್ಟರಮ್ಮ ಚಿಮಟದಿಂದ ಅದರ ಮೂಗಿನ ಅಂಚಿನಲ್ಲಿದ್ದ ಅರಳೆ ಎಳೆ ತೆಗೆದು ತೋರಿಸಿದಳು. "ಎಲ್ಲಿ ಇಟ್ಟಿದ್ದೀರಿ ಇದನ್ನ?"

"ಅಂಗಡೀಲಿ ಮೇಡಂ. ಹಾಸಿಗೆ ಮೇಲೆ."

"ಧೂಳಿನಲ್ಲಿ! ಆಮೆಗೆ ನಮ್ಮ ಹಾಗೆ ಕೆಮ್ಮೋಕೆ ಬರಲ್ಲ. ಒಳಗೆ ಕಟ್ಟಿದ ಕಫ ಒಳಗೇ ಉಳಿಯುತ್ತೆ. ಇಂಜೆಕ್ಷನ್ ಕೊಡ್ತೀನಿ, ತಪ್ಪಿಸದೆ ಕರ್ಕೊಂಡು ಬನ್ನಿ. ಬಲ್ಬು ಹಾಕಿ ಬೆಚ್ಚಗಿಡಿ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಕೆಳಗೆ ಬರೀ ನ್ಯೂಸ್‌ಪೇಪರ್. ಅರಳೆ ಮಾತ್ರ ಹತ್ತಿರಾನೂ ಬರಬಾರದು."

ಇವನು ತಲೆಯಾಡಿಸಿದ, ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ.

"ನೀವು ಎಷ್ಟು ದಿನದಿಂದ ಕೆಮ್ತಿದ್ದೀರಿ?"

"ನಂದು ಕಸುಬಿನ ಕೆಮ್ಮು, ಬಿಡಿ ಮೇಡಂ. ಅವನ ಪಾಲಿಂದೂ ನಾನೇ ಕೆಮ್ತಿದ್ದೀನಿ ಅಂದ್ಕೊಳ್ಳಿ." ಡಾಕ್ಟರಮ್ಮ ನಗಲಿಲ್ಲ.

ರಟ್ಟಿನ ಪೆಟ್ಟಿಗೆ ಅಮ್ಮನ ಮಂಚದ ಪಕ್ಕಕ್ಕೆ ಬಂತು. ಮೇಲೆ ಬಲ್ಬು, ಕೆಳಗೆ ಪೇಪರು. ಪುಟ್ಟ ಹಾಸಿಗೆಯನ್ನು ಬಿಸಾಡಲು ಮಾತ್ರ ಇವನಿಗೆ ಕೈ ಬರಲಿಲ್ಲ. ಕೈಯಾರೆ ಹೊಲಿದದ್ದು, ಮಂಚದ ತಲೆದೆಸೆಯ ಗೂಡಿನಲ್ಲಿಟ್ಟ. ಇಂಜೆಕ್ಷನ್ ಒಂದೂ ತಪ್ಪಿಸಲಿಲ್ಲ. ಒಂದು ದಿನ ದೊಡ್ಡಣ್ಣ ಎಲೆಯ ಅಂಚು ಕಚ್ಚಿದಾಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ಮತ್ತೆ ಗುಳ್ಳೆ, ಮತ್ತೆ ಗೊರಗೊರ. ಯಾಕೆಂದು ಡಾಕ್ಟರಮ್ಮನಿಗೂ ತಿಳಿಯಲಿಲ್ಲ.

ತಿಳಿದದ್ದು ಇವನು ಕತ್ತರಿ ಮರೆತು ನಡುಮಧ್ಯಾಹ್ನ ಒಳಗೆ ಬಂದಾಗ. ಬಲ್ಬಿನ ಕೆಳಗೆ ದೊಡ್ಡಣ್ಣ ಅದೇ ಹಾಸಿಗೆಯಲ್ಲಿ ಮೂಗು ಹುದುಗಿಸಿ ಮಲಗಿತ್ತು.

"ಅಮ್ಮಾ! ಏನಿದು?"

"ಹಾಸಿಗೆ ಮಾಡೋರ ಮನೇಲಿ ರೋಗಿಷ್ಟ ಕಾಗದದ ಮೇಲೆ ಮಲಗ್ತಾನೇನೋ? ನೀನು ಅಂಗಡಿಗೆ ಹೋದ ಮೇಲೆ ದಿನಾ ನಾನೇ ಹಾಸ್ತಿದ್ದೆ, ನೀನು ಬರೋ ಹೊತ್ತಿಗೆ ತೆಗೀತಿದ್ದೆ." ಒಂದು ಪುಣ್ಯದ ಕೆಲಸ ಹೇಳಿಕೊಂಡವಳಂತೆ ಹೇಳಿದಳು.

ಇವನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾರನ್ನು ಬೈಯುವುದು? ಹೊಲಿದವನು ತಾನು, ಕೈಗೆಟಕುವಂತೆ ಇಟ್ಟವನೂ ತಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಶ್ವಾಸಕೋಶ ಪೂರ್ತಿ ತುಂಬ್ಕೊಂಡಿದೆ," ಎಂದಳು ಮತ್ತೆ ಒಯ್ದು ತೋರಿಸಿದಾಗ ಡಾಕ್ಟರಮ್ಮ. "ಇನ್ನು ನನ್ನ ಕೈಲಿಲ್ಲ."

ದೊಡ್ಡಣ್ಣ ಬಲ್ಬಿನ ಕೆಳಗೇ ಸತ್ತಿತು. ಮೊದಲೇ ಅಲುಗಾಡದ ಪ್ರಾಣಿ, ಸತ್ತದ್ದು ಎಷ್ಟೋ ಹೊತ್ತು ಯಾರಿಗೂ ತಿಳಿಯಲಿಲ್ಲ. ಅಮ್ಮ ಕೈಚಾಚಿ ಕತ್ತು ಸವರಿ, "ಹೋದ" ಎಂದಳು. ಹೆತ್ತ ಮಗನಿಗೆ ಅಳುವಂತೆಯೇ ಅತ್ತಳು. ಅವಳ ಕೈಯಿಂದಲೇ ಕೆಟ್ಟಿತೆಂದು ಇವನು ಬಾಯಿ ಬಿಡಲಿಲ್ಲ.

ಹಿತ್ತಿಲಲ್ಲಿ ಗುಂಡಿ ತೋಡಿ ಮಣ್ಣು ಮಾಡಿ ಬಂದವನಿಗೆ ಕೆಮ್ಮು ಹತ್ತಿತು. ಬಾಗಿಲಚೌಕಟ್ಟು ಹಿಡಿದು ಬಗ್ಗಿ ಕೆಮ್ಮಿದ. ಅಪ್ಪನೂ ಇದೇ ಚೌಕಟ್ಟು ಹಿಡಿದು ಕೆಮ್ಮುತ್ತಿದ್ದ.

ಅಮ್ಮ ಕಿವಿಗೊಟ್ಟು ಕೇಳಿದಳು. ಕಣ್ಣೊರೆಸಿಕೊಂಡಳು.

"ನಿನಗೂ ಎದೆ ಕಟ್ಟಿದೆ ಮಗಾ. ಹೊಸ ಅರಳೆ ಬಂದಿದೆಯಲ್ಲ, ದಪ್ಪಗೆ ಒಂದು ಹಾಸಿಗೆ ಮಾಡ್ಕೊ."

ಬೇಡವೆನ್ನುತ್ತಾನೇನೋ ಎಂದು ಹೆಂಡತಿ ಇವನ ಮುಖವನ್ನೇ ನೋಡಿದಳು. ಇವನಿಗೆ ಎಲ್ಲ ಗೊತ್ತಿತ್ತು. "ಹೂಂ ಅಮ್ಮಾ" ಎಂದು ಅಂಗಡಿಗೆ ಹೋಗಿ, ಹಿಂಜುವ ಯಂತ್ರದ ಸ್ವಿಚ್ಚು ಒತ್ತಿದ.