ಗಿರಣಿ ಮನೆಯ ಬೀಸುವ ಕಲ್ಲು

ರಾಯಚೂರಿನಲ್ಲಿ ನಮ್ಮ ಮಾವನವರದು ಹಿಟ್ಟಿನ ಗಿರಣಿ. ಆ ಗಿರಣಿಯ ಹಿಂದಿನ ಮನೆಯಲ್ಲೇ ಬೆಳಗಾದರೆ ಒಬ್ಬ ಹೆಂಗಸು ಕೈಯಿಂದ ಜೋಳ ಬೀಸುತ್ತಿದ್ದಳು, ಅದೂ ಬಾಗಿಲು ತೆರೆದಿಟ್ಟುಕೊಂಡು, ಓಣಿಗೆಲ್ಲ ಕೇಳುವಂತೆ ಹಾಡುತ್ತ. ಅವಳೇ ನನ್ನ ನೆಗೆಣ್ಣಿ ನೀಲಕ್ಕ.

ಆಗ ನಿಜಾಮರ ಕಾಲ. ಒಂದೇ ವರ್ಷ ಆಕೆ ದೇವದುರ್ಗದಿಂದ, ನಾನು ಮಾನ್ವಿಯಿಂದ ಆ ಮನೆಗೆ ಸೊಸೆಯರಾಗಿ ಬಂದೆವು. ಗಂಡಸರ ವ್ಯವಹಾರವೆಲ್ಲ ಉರ್ದು, ಅತ್ತೆ ನಾದಿನಿಯರ ಹರಟೆ ತೆಲುಗು. ನಾವು ನಮ್ಮ ಹಳ್ಳಿಗನ್ನಡದಲ್ಲಿ ಬಾಯಿ ತೆರೆದರೆ ಅವರಿಗೆಲ್ಲ ನಗು. ತವರಿನಲ್ಲಿ ಸದಾ ಮಾತಾಡುತ್ತಿದ್ದ ನೀಲಕ್ಕನಿಗೆ ಇಲ್ಲಿ ನಾಲ್ಕೇ ತಿಂಗಳಲ್ಲಿ ಮಾತು ನಿಂತಿತು. ನಿದ್ದೆ ಹೋಯಿತು, ಊಟ ಸೇರಲಿಲ್ಲ, ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ನಿದ್ದೆ ನನಗೂ ಇರಲಿಲ್ಲ. ಆದರೆ ನಾನು ಪುಕ್ಕಲಿ, ನಗುನಗುತ್ತ ಮುಚ್ಚಿಟ್ಟುಕೊಂಡೆ.

ಅತ್ತೆ ದೆವ್ವ ಬಿಡಿಸುವವನನ್ನು ಕರೆಸಿದರು. ದೆವ್ವ ಬಿಡದಿದ್ದರೆ ಹುಚ್ಚಿಯೆಂದು ತವರಿಗೆ ಅಟ್ಟುವುದೆಂದೂ ಮಾತಾಗಿತ್ತು. ಅವನು ಹೊಡೆಯಲು ಬೇವಿನ ಟೊಂಗೆ ಎತ್ತಿದ್ದೇ ತಡ, ನೀಲಕ್ಕ ಅದನ್ನು ಕಿತ್ತುಕೊಂಡಳು.

"ನನಗ ಯಾವ ದೆವ್ವನೂ ಬಡದಿಲ್ಲ. ಈ ಮನ್ಯಾಗ ನನ್ನ ಮಾತು ಕೇಳೋರಿಲ್ಲ, ಅಷ್ಟ. ನಮ್ಮವ್ವನ ಬೀಸೋ ಕಲ್ಲು ತರಸ್ರಿ. ಅದರ ಮುಂದ ಕುಂತು ಹಾಡಿಕೊಂಡ್ರ ನಾ ನೆಟ್ಟಗಾಗ್ತೀನಿ."

ಮಾವ ಕೆಂಪಗಾದರು. "ಗಿರಣಿಯವನ ಸೊಸಿ ಕೈಲೆ ಬೀಸಾಕತ್ತಾಳಂದ್ರ ಮಂದಿ ಏನಂದಾರು?"

"ಗಿರಣಿ ಹಿಟ್ಟು ಮಾಡ್ತದರೀ ಮಾವಾ. ದುಃಖ ಕೇಳ್ತದೇನು?"

ಕಲ್ಲು ಬರುವತನಕ ಅನ್ನ ಮುಟ್ಟುವುದಿಲ್ಲವೆಂದಳು, ಮುಟ್ಟಲಿಲ್ಲ. ಮೂರನೆಯ ದಿನ ಮಾವ ಸೋತು ದೇವದುರ್ಗಕ್ಕೆ ಚಕ್ಕಡಿ ಕಳಿಸಿದರು.

ಕಲ್ಲು ಬಂತು. ಬೀಸಲು ಕೂತವಳು ಮೊದಲು ಚೆನ್ನಾಗಿ ಅತ್ತಳು, ಆಮೇಲೆ ಹಾಡಿದಳು. ಅತ್ತೆಯ ಗೊರಕೆ, ಮಾವನ ಮೀಸೆ, ರಾಯಚೂರಿನ ಬಿಸಿಲು ಎಲ್ಲವೂ ಹಾಡಿಗೆ ಬಂದವು. ಒಳಗೆ ಅತ್ತೆ ಸಿಡುಕಿದಷ್ಟೂ ದನಿ ಏರುತ್ತಿತ್ತು. ಒಂದು ದಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಿಟ್ಟಿಸಿ ನೋಡಿದಳು.

"ನಿನ್ನ ಕಣ್ಣ ಕೆಳಗಿನ ಕಪ್ಪು ನನಗ ಕಾಣಂಗಿಲ್ಲೇನು? ಬಾರಬೇ, ಎದುರಿಗೆ ಕೂಡು. ಗೂಟ ಹಿಡಿ."

ಒಂದೇ ಗೂಟ ಹಿಡಿದು ಇಬ್ಬರೂ ತಿರುವಿದೆವು. ನನಗೆ ಮತ್ತೆ ನಿದ್ದೆ ಬರತೊಡಗಿದ್ದು ಆಮೇಲೆಯೇ.

ಎಷ್ಟೋ ವರ್ಷಗಳ ಮೇಲೆ ನೀಲಕ್ಕ ಹಾಸಿಗೆ ಹಿಡಿದಾಗ, "ನನ್ನ ಕೈಯಾಗ ಬಲ ಇಲ್ಲ. ಇವತ್ತು ನೀ ಹಾಡು, ನಾ ಕೇಳ್ತೀನಿ" ಎಂದಳು. ಹಾಡಿದೆ. ಅದೇ ಅವಳು ಕೇಳಿದ ಕಡೆಯ ಹಾಡು.

ಈ ವಯಸ್ಸಿನಲ್ಲಿ ಬೀಸುವುದೇಕೆಂದು ಮನೆಯವರು ಬೈಯುತ್ತಾರೆ. ಎದುರಿನ ಜಾಗ ಖಾಲಿ, ಒಬ್ಬಳೇ ತಿರುವಲು ಕಲ್ಲು ಭಾರ. ಆದರೂ ದಿನಾ ಒಂದು ಹಿಡಿ ಜೋಳವನ್ನಾದರೂ ಬೀಸುತ್ತೇನೆ, ಬಾಗಿಲು ತೆರೆದಿಟ್ಟುಕೊಂಡೇ.