ಹೂವಿನಕ್ಕ ಕೊಟ್ಟ ತೂತು ಬಟ್ಟೆ

ಸಂಜೆ ನಾಲ್ಕು ಇಪ್ಪತ್ತು. ಈ ಬಟ್ಟೆ ಕಣ್ಣಿಗೆ ಬಿದ್ದರೆ ಮೊದಲು ನೆನಪಾಗುವುದು ಆ ಹೊತ್ತು.

ಅಂಗೈಯಗಲದ ಹಳೆಯ ಬನಿಯನ್ ತುಂಡು. ಹೋದ ವಾರ ಪುಸ್ತಕದ ಪೆಟ್ಟಿಗೆಯ ತಳದಿಂದ ತೆಗೆದಾಗ ಮಷಿನ್ ಎಣ್ಣೆಯ ವಾಸನೆ ಇನ್ನೂ ಇತ್ತು. ನಟ್ಟನಡುವೆ ರೂಪಾಯಿ ನಾಣ್ಯದಷ್ಟು ಗುಂಡನೆಯ ತೂತು. ಯಾವ ಕತ್ತರಿಯೂ ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಲಾರದು...

ಆಗ ನಾವು ಬೆಂಗಳೂರಿನ ಲಗ್ಗೆರೆಯಲ್ಲಿದ್ದೆವು. ಬಿ.ಕಾಂ. ಮುಗಿಸಿದ್ದ ನಾನು ಮಹಡಿಯ ಮೇಲೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಕೆಳಗಿನ ಮನೆಯಲ್ಲಿ ಹೂವಿನಕ್ಕ. ಅವರ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಇರಲಿಲ್ಲ. ಉಳಿದ ಬೆರಳುಗಳಲ್ಲೇ ನಮ್ಮ ರಸ್ತೆಯ ಎಲ್ಲರಿಗಿಂತ ಬೇಗ ಹೂ ಕಟ್ಟುತ್ತಿದ್ದರು. ಏನಾಯ್ತು ಎಂದು ಮಕ್ಕಳು ಕೇಳಿದರೆ, ಬೆಕ್ಕಿಗೆ ಹಸಿವಾಗಿತ್ತು, ಕೊಟ್ಟೆ ಎನ್ನುತ್ತಿದ್ದರು. ದೊಡ್ಡವರು ಕೇಳಿದರೆ ಎಷ್ಟು ಮೊಳ ಬೇಕು ಎನ್ನುತ್ತಿದ್ದರು.

ನನ್ನ ಟ್ಯೂಷನ್ನಿಗೆ ಬರುತ್ತಿದ್ದ ಒಬ್ಬ ಹುಡುಗಿ ಆ ವರ್ಷ ಒಂಬತ್ತನೇ ಕ್ಲಾಸ್ ಮುಗಿಸಿದ್ದಳು. ಯಾದಗಿರಿ ಕಡೆಯವರು. ಅಮ್ಮ ಗಾರ್ಮೆಂಟ್ಸ್‌ಗೆ, ಅಪ್ಪ ಗೋಡೌನಿಗೆ ಹೋದರೆ ಒಂದೇ ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಬೇಸಿಗೆ ರಜೆ ಪೂರ್ತಿ ಬೆಳೆದ ಹುಡುಗಿಯನ್ನು ಹಾಗೆ ಬಿಟ್ಟುಹೋಗುವುದು ಹೇಗೆ ಎನ್ನುವುದೇ ಆ ತಾಯಿಗೆ ದಿಗಿಲು. ಪಕ್ಕದ ಕ್ರಾಸಿನಲ್ಲಿ ಅವಳ ದೂರದ ಸಂಬಂಧಿಯೊಬ್ಬ ತಗಡಿನಿಂದ ವಾಷರ್ ಕತ್ತರಿಸುವ ಪವರ್ ಪ್ರೆಸ್ ಶೆಡ್ ಇಟ್ಟಿದ್ದ. ಹುಡುಗಿ ಅವನನ್ನು ಮಾಮ ಎಂದು ಕರೆಯುತ್ತಿದ್ದಳು. ಅಲ್ಲಿದ್ದರೆ ಕಣ್ಣ ಮುಂದೆ ಇರುತ್ತಾಳೆ ಎಂದು ತಾಯಿಯ ಲೆಕ್ಕಾಚಾರ. ಆದರೂ ಕಾನೂನಿಗೆ ಹೆದರಿ, ಒಂದು ಸಂಜೆ ಮಹಡಿ ಹತ್ತಿ ಬಂದು ನನ್ನನ್ನು ಕೇಳಿದಳು.

“ಹದಿನಾಕು ತುಂಬ್ಯಾವ್ರೀ ಟೀಚರ್. ಈಗ ಕೆಲಸಕ್ಕ ಕಳಿಸಿದ್ರ ಏನೂ ಆಗೂದಿಲ್ಲಲ್ರೀ?”

ನಾನು ಫೋನಿನಿಂದ ತಲೆ ಎತ್ತಲಿಲ್ಲ. ಹದಿನಾಲ್ಕು ಆಗಿದ್ದರೆ ತೊಂದರೆ ಇಲ್ಲ ಎಂದುಬಿಟ್ಟೆ. ಯಾವ ಕೆಲಸ ಎಂದು ಕೇಳಲಿಲ್ಲ.

ಆ ಶೆಡ್ಡಿನ ಮಷಿನ್ ಪೂಜೆಗೆ ಶುಕ್ರವಾರದ ಹಾರ ಹೋಗುತ್ತಿದ್ದುದು ಹೂವಿನಕ್ಕನ ಮನೆಯಿಂದಲೇ. ಮೇ ತಿಂಗಳ ಒಂದು ಶುಕ್ರವಾರ ಹಾರ ಕೊಡಲು ಹೋದವರು, ಅದನ್ನು ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದರು. ಏದುಸಿರು ಬಿಡುತ್ತಿದ್ದರು.

“ನಿನ್ ಟ್ಯೂಷನ್ ಮಗು ಪ್ರೆಸ್ಸಿನ ಮುಂದೆ ಕೂತಿದೆ ಕಣೇ. ಬಾ, ಓದಿದೋಳು ನೀನು, ನೀನೂ ಮಾತಾಡು.”

ಹೋದೆವು. ಹುಡುಗಿ ಸ್ಟೂಲಿನ ಮೇಲೆ ಕೂತು ತಗಡಿನ ಪಟ್ಟಿಯನ್ನು ಅಚ್ಚಿಗೆ ತಳ್ಳುತ್ತಿದ್ದಳು. ಪೆಡಲ್ ತುಳಿದರೆ ಒಂದೇಟು, ಒಂದು ವಾಷರ್. ಬೆರಳು ಒಳಗೆ ಹೋಗದಂತೆ ತಡೆಯುವ ಜಾಲರಿಯನ್ನು ಬಿಚ್ಚಿ ಗೋಡೆಗೆ ನೇತುಹಾಕಿದ್ದರು. ಅದಿದ್ದರೆ ಕೆಲಸ ನಿಧಾನವಂತೆ. ಅದರ ಮೇಲೆ ಒರೆಸುವ ಬಟ್ಟೆಗಳು ಒಣಗುತ್ತಿದ್ದವು.

ಅಕ್ಕ ಹುಡುಗಿಯನ್ನು ಎಬ್ಬಿಸಲು ಹೇಳಿದರು. ಮಾಲೀಕ ನಕ್ಕ. ಹದಿನಾಲ್ಕು ಆಗಿದೆ, ರಜೆ ಇದೆ, ನಮ್ಮ ಹುಡುಗಿಯೇ ಎಂದು ಹೇಳಿ ನನ್ನ ಕಡೆ ತಿರುಗಿದ. “ಮೇಡಂ ಅವರೇ ಸರಿ ಅಂದಿದಾರಲ್ಲ, ಕೇಳಿ.”

ಏನಾದರೂ ಮಾಡಲೇಬೇಕು ಎನಿಸಿ ಬಾಗಿಲ ಪಕ್ಕದ ಮೇನ್ ಸ್ವಿಚ್ ಎಳೆದೆ. ಗೋಡೆ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು.

ಲೈಟು, ಫ್ಯಾನು, ಮೋಟರು ಎಲ್ಲ ನಿಂತವು. ಮಷಿನ್ ನಿಂತಿತು ಎಂದು ನಾನು ಅಂದುಕೊಂಡೆ. ಹುಡುಗಿಯೂ ಹಾಗೇ ಅಂದುಕೊಂಡಳು. ಅಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಚೂರನ್ನು ತೆಗೆಯಲು ಬಟ್ಟೆ ಹಿಡಿದ ಕೈಯನ್ನು ಒಳಗೆ ಹಾಕಿದಳು. ಪಕ್ಕದಲ್ಲಿ ಮೋಟರು ತಿರುಗಿಸುತ್ತಿದ್ದ ದೊಡ್ಡ ಚಕ್ರ ಮಾತ್ರ ಸದ್ದಿಲ್ಲದೆ ಇನ್ನೂ ತಿರುಗುತ್ತಿತ್ತು. ಕರೆಂಟು ಹೋದ ಮೇಲೂ ಅದರಲ್ಲಿ ಇನ್ನೊಂದು ಏಟಿಗೆ ಸಾಕಾಗುವಷ್ಟು ಬಲ ಉಳಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಾಲೀಕ ನನ್ನ ಮೇಲೆ ಕೂಗುತ್ತಾ ಬಂದ. ಹುಡುಗಿ ಬೆಚ್ಚಿದಳು. ಅವಳ ಕಾಲು ಪೆಡಲಿನ ಮೇಲೆ...

ಅಕ್ಕನಿಗೆ ಗೊತ್ತಿತ್ತು. ನಾನು ಸ್ವಿಚ್ಚಿಗೆ ಕೈ ಹಾಕಿದಾಗಲೇ ಅವರು ಓಡಿದ್ದರು. ಜಡೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದರು. ಒಂದೇ ಒಂದು ಸದ್ದು. ಎದ್ದು ನೋಡಿದರೆ ಅಚ್ಚಿನಲ್ಲಿ ಬಟ್ಟೆ ಮಾತ್ರ ಇತ್ತು.

ಅಕ್ಕ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಮಾಲೀಕನ ಮುಖದ ಮುಂದೆ ಹಿಡಿದರು.

“ಕರೆಂಟ್ ಹೋದಾಗ್ಲೇ ನಂದೂ ಹೋಗಿದ್ದು. ಹದಿನೈದು ನಂಗೆ. ನಿನ್ ಮಿಷಿನ್‌ಗೆ ಇನ್ಮೇಲೆ ನನ್ ಹೂ ಇಲ್ಲ.”

ಹಾರ, ಬಟ್ಟೆ ಎತ್ತಿಕೊಂಡು, ಹುಡುಗಿಯನ್ನು ಕರೆದುಕೊಂಡು ಹೊರಟರು.

ತಾಯಿ ಕೆಲಸದಿಂದ ಬಂದ ಮೇಲೆ ನಾವು ಹುಡುಗಿಯ ಮನೆಗೆ ಹೋದೆವು, ಅಷ್ಟರಲ್ಲೇ ಅವಳಿಗೆ ಮಾಲೀಕನ ಫೋನು ಬಂದಿತ್ತು. ದೂರು ಕೊಟ್ಟರೆ ಮೊದಲು ಜೈಲಿಗೆ ಹೋಗುವುದು ತಂದೆತಾಯಿಯೇ ಎಂದು ಹೆದರಿಸಿದ್ದ. ತಾಯಿ ಗೋಡೆಗೊರಗಿ ಕೂತುಬಿಟ್ಟಳು. ಅಕ್ಕ ಆ ಬಟ್ಟೆಯನ್ನು ಅವಳ ಮಡಿಲಲ್ಲಿ ಹರಡಿ, ತೂತಿನೊಳಗೆ ಬೆರಳು ಹಾಕಿ ನೋಡಮ್ಮ ಎಂದರು. ಹಾಕಿ ನೋಡಿದಳು. ಸೋಮವಾರ ಕಾರ್ಮಿಕ ಇಲಾಖೆಯ ಕಚೇರಿಗೆ ನಮ್ಮೆಲ್ಲರಿಗಿಂತ ಮುಂದೆ ನಡೆದವಳು ಅವಳೇ.

ಅಲ್ಲಿನ ಅಧಿಕಾರಿ ಸಮಾಧಾನವಾಗಿ ತಿಳಿಸಿ ಹೇಳಿದರು. ಹದಿನಾಲ್ಕು ತುಂಬದ ಮಕ್ಕಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು, ಅಷ್ಟೇ. ಹದಿನಾಲ್ಕಾದ ಮೇಲೂ ಹದಿನೆಂಟರವರೆಗೆ ಅಪಾಯದ ಕೆಲಸ ಕೂಡದು, ಶೆಡ್ಡು ಮಾಮನದಾದರೂ ಸರಿ. ಇಟ್ಟುಕೊಂಡವನಿಗೆ ಜೈಲೂ ಆಗಬಹುದು. ತಂದೆತಾಯಿಗೆ ಮೊದಲ ತಪ್ಪಿಗೆ ಶಿಕ್ಷೆ ಇಲ್ಲ, ಮತ್ತೆ ಕಳಿಸಿದರೆ ದಂಡ ಬೀಳುತ್ತದೆ. ನಾನು ಸಾಕ್ಷಿ ಹೇಳಿಕೆಯಲ್ಲಿ ನನ್ನ ಎರಡು ತಪ್ಪುಗಳನ್ನೂ ಬರೆದೆ, ಹೇಳಿದ ಮಾತು ಮತ್ತು ಎಳೆದ ಸ್ವಿಚ್ಚು.

ಶೆಡ್ ಮುಚ್ಚಿತು. ನಮ್ಮ ಮನೆ ಓನರ್ ಆ ಶೆಡ್ ಮಾಲೀಕನ ಸ್ನೇಹಿತ. ತಿಂಗಳೊಳಗೆ ಖಾಲಿ ಮಾಡಿ ಎಂದು ಅಕ್ಕನಿಗೆ ಹೇಳಿದ. ಕ್ಷಮೆ ಕೇಳಿದರೆ ಉಳಿಯಬಹುದು ಎಂದು ರಸ್ತೆಯವರು ಬುದ್ಧಿ ಹೇಳಿದರು.

“ಎರಡು ಬೆರಳು ಹೋದಾಗ ನನ್ ಹತ್ರ ಯಾರೂ ಕ್ಷಮೆ ಕೇಳ್ಲಿಲ್ಲ,” ಎಂದರು ಅಕ್ಕ. “ಮನೆ ತಾನೇ, ಇಟ್ಕೊಳ್ಳಲಿ.”

ಕೆಂಗೇರಿಗೆ ಹೊರಟ ಗೂಡ್ಸ್ ಆಟೊದಲ್ಲಿ ಹೂವಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆ ಬಟ್ಟೆಯನ್ನು ನನ್ನ ಕೈಗಿತ್ತು, “ಇದು ನಿಂಗೆ. ನಂಗೆ ನನ್ ಕೈಯೇ ಇದೆ” ಎಂದರು. ಹೋಗಿ ನೋಡಿಕೊಂಡು ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು...

ಆ ಸದ್ದು ಮಾತ್ರ ನನ್ನನ್ನು ಬಿಡಲಿಲ್ಲ. ನಿದ್ದೆಯ ನಡುವೆ ಬಂದು ಎಬ್ಬಿಸುತ್ತಿತ್ತು. ಪ್ರತಿ ಸಲವೂ ಅಕ್ಕ ಒಂದು ಹೆಜ್ಜೆ ತಡವಾಗಿ ಓಡುತ್ತಿದ್ದರು.

ಹೋದ ವಾರ ಆ ಹುಡುಗಿ ಫೋನ್ ಮಾಡಿದಳು. ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಹೂವಿನಕ್ಕ ತೀರಿಹೋದರು ಎಂದಳು. ಅವಳು ಅವರನ್ನು ಮರೆತಿರಲಿಲ್ಲ, ತಿಂಗಳಿಗೊಮ್ಮೆ ಹೋಗಿಬರುತ್ತಿದ್ದಳಂತೆ. ನಾನು ಒಮ್ಮೆಯೂ ಹೋಗಿರಲಿಲ್ಲ. ಅದಕ್ಕೇ ಪೆಟ್ಟಿಗೆ ತೆಗೆದದ್ದು.

ಮೊನ್ನೆ ಶನಿವಾರ, ನಾನೀಗ ಪಾಠ ಮಾಡುವ ಬಸವೇಶ್ವರನಗರದ ಶಾಲೆಯಲ್ಲಿ ಪೋಷಕರ ಸಭೆ. ರಜೆ ಹತ್ತಿರ ಬಂದಿತ್ತು. ಕೊನೆಯಲ್ಲಿ ಒಬ್ಬ ತಂದೆ ಎದ್ದು ನಿಂತು, “ಹದಿನಾಲ್ಕಾದ್ರೆ ಕೆಲಸಕ್ಕೆ ಕಳಿಸಬಹುದಲ್ವಾ ಮೇಡಂ?” ಎಂದು ಕೇಳಿದರು.

“ಯಾವ ಕೆಲಸ?” ಎಂದೆ.

ಅವರು ಹೇಳುವವರೆಗೂ ಕಾದೆ. ಆಮೇಲೆ ಬ್ಯಾಗಿನಿಂದ ಬಟ್ಟೆ ತೆಗೆದು ಮೊದಲ ಬೆಂಚಿಗೆ ಕೊಟ್ಟು, ಎಲ್ಲವನ್ನೂ ಹೇಳಿದೆ. ಅಂದು ಆ ತಾಯಿಗೆ ನಾನು ಹೇಳಿದ ಅರ್ಧ ಮಾತಿನಿಂದಲೇ ಶುರುಮಾಡಿದೆ. ಬಟ್ಟೆ ಕೈಯಿಂದ ಕೈಗೆ ಹೋಯಿತು. ಯಾರೂ ಹೇಳಿಕೊಡದಿದ್ದರೂ ಒಬ್ಬೊಬ್ಬರೂ ತೂತಿನೊಳಗೆ ಬೆರಳು ಹಾಕಿ ನೋಡಿದರು. ಕೊನೆಯ ಸಾಲಿನಿಂದ ಅದು ನನ್ನ ಕೈಗೆ ವಾಪಸು ಬಂದಾಗ ಬೆಚ್ಚಗಿತ್ತು.

ಆ ಶನಿವಾರ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಆ ಸದ್ದಿಗಲ್ಲ, ಬೆಳಿಗ್ಗೆ ಹಾಲಿನವನು ಬೆಲ್ ಒತ್ತಿದಾಗ.