ಮೇಸ್ತ್ರಿ ಎತ್ತಿದ ಹಾರೆ

ಮೊನ್ನೆ ಪಕ್ಕದ ಮನೆಯವರು ಹೊಸ ಗಿಲಾವಿಗೆ ನೀರು ಹೊಡೆದಾಗ ಹಸಿ ಸಿಮೆಂಟಿನ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಅದರ ಹಿಂದೆಯೇ ಮೇಸ್ತ್ರಿಯ ನೆನಪೂ ಬಂತು. ಮಕ್ಕಳೇ, ನೀವು ಅವರನ್ನು ನೋಡಿಲ್ಲ. ನನ್ನ ಗಂಡ, ಅಂದರೆ ನಿಮ್ಮ ಅಜ್ಜ, ಅವರ ಕೈಕೆಳಗೆ ಗೌಂಡಿಯಾಗಿ ಗೋಡೆ ಕಟ್ಟುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ನಾನು ದೇವದುರ್ಗದಿಂದ ರಾಯಚೂರಿಗೆ ಬಂದು, ಅದೇ ಮೇಸ್ತ್ರಿಯ ಹತ್ತಿರ ಸಿಮೆಂಟಿನ ಬುಟ್ಟಿ ಹೊರುವ ಕೆಲಸಕ್ಕೆ ಸೇರಿದೆ.

ಹೊರುವುದು ಹೆಂಗಸರ ಕೆಲಸ, ಕಟ್ಟುವುದು ಗಂಡಸರ ಕೆಲಸ. ಎಲ್ಲ ಕಡೆ ಹಾಗೇ ಇತ್ತು. ಒಂದು ದಿನ ಗೌಂಡಿಯೊಬ್ಬ ಬರಲಿಲ್ಲ. ಮೇಸ್ತ್ರಿ ಸಿಮೆಂಟು ಮೆತ್ತುವ ಒಂದು ಕರಣಿಯನ್ನು ನನ್ನ ಕೈಗೆ ಕೊಟ್ಟರು, ಆಮೇಲೆ ವಾಪಸು ಕೇಳಲಿಲ್ಲ. ಕೆಲಸ ಕೈಗೆ ಹತ್ತಿತು, ಮನಸ್ಸಿಗೆ ಹತ್ತಲಿಲ್ಲ. ಇಂದಲ್ಲ ನಾಳೆ ಯಾರಾದರೂ ಬಂದು, ಇದು ನಿನ್ನ ಕೆಲಸವಲ್ಲ ಏಳು ಎನ್ನುತ್ತಾರೆ ಅನಿಸುತ್ತಿತ್ತು. ಮನೆಯ ಮಾಲೀಕರು ಬರುವುದು ಕಂಡರೆ ಕರಣಿಯನ್ನು ಉಸುಕಿನಲ್ಲಿ ಹುಗಿದು ಬುಟ್ಟಿ ಎತ್ತುತ್ತಿದ್ದೆ. ಮೇಸ್ತ್ರಿ ಅದನ್ನೂ ನೋಡಿರುತ್ತಿದ್ದರು...

ಮಾನ್ವಿಯಲ್ಲಿ ಅಕ್ಕಿ ವ್ಯಾಪಾರದ ಸಾಹುಕಾರರೊಬ್ಬರ ಮನೆ ಕಟ್ಟುವಾಗ, ತಲಬಾಗಿಲಿನ ಎರಡೂ ಬದಿಯ ಗೋಡೆಯನ್ನು ನಾನೇ ಮೊಣಕಾಲೆತ್ತರಕ್ಕೆ ಎಬ್ಬಿಸಿದ್ದೆ. ಚೌಕಟ್ಟು ನಿಲ್ಲಿಸುವ ದಿನ ಪೂಜೆ. ಗೋಡೆ ಕಟ್ಟಿದ ಗೌಂಡಿಗೆ ಟವೆಲ್ ಹೊದಿಸಿ, ಕಾಯಿ ಕೊಟ್ಟು, ಅವನ ಕೈಯಿಂದಲೇ ಚೌಕಟ್ಟು ನಿಲ್ಲಿಸುವುದು ರೂಢಿ. ಸಾಹುಕಾರರು ಟವೆಲ್ ಹಿಡಿದು, “ಗೌಂಡಿ ಯಾರ್ರಿ?” ಎಂದರು.

ಮೇಸ್ತ್ರಿ ನನ್ನ ಕಡೆ ಕೈ ತೋರಿಸಿದರು.

“ಅಲ್ಲ್ರಿ, ನಾ ಬುಟ್ಟಿ ಹೊರಾಕಿ” ಎಂದೆ.

ಗೌಂಡಿಗಳು ನಕ್ಕರು. “ಟವೆಲ್ ತೊಗೋ ಬೇ ಯಕ್ಕಾ, ತಲಿ ಮ್ಯಾಲ ಬುಟ್ಟಿ ಕೆಳಗ ಸಿಂಬಿ ಸುತ್ತಾಕರ ಬರ್ತದ” ಎಂದ ಒಬ್ಬ.

ಮೇಸ್ತ್ರಿ ನಗಲಿಲ್ಲ. ಹಾರೆ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು. “ಹಂಗಾದ್ರ ಇದನ್ನ ಕೆಡವಬೇಕು. ಗೌಂಡಿ ಕಟ್ಟಲಾರದ ಗ್ವಾಡಿಗೆ ನಾ ಬಾಗಿಲಾ ನಿಂದ್ರಸಂಗಿಲ್ಲ” ಎಂದರು.

“ಪೂಜಿ ಹೊತ್ತಿನಾಗ ಇದೇನ್ರಿ ಮೇಸ್ತ್ರಿ!” ಎಂದು ಸಾಹುಕಾರರು ಗಾಬರಿಯಾದರು. ಮೇಸ್ತ್ರಿ ಹಾರೆಯನ್ನು ತಲೆಯವರೆಗೆ ಎತ್ತಿದರು. ನಾನು ಓಡಿ ಹೋಗಿ ಅದನ್ನು ಹಿಡಿದುಕೊಂಡೆ.

“ಬ್ಯಾಡ ಯಪ್ಪಾ. ಛಲೋ ಕಟ್ಟೀನಿ.”

“ಯಾರು?”

“ನಾನ.”

“ಅವರಿಗೆ ಕೇಳಂಗ ಹೇಳವ್ವಾ.”

“ಈ ಗ್ವಾಡಿ ನಾನ ಕಟ್ಟೀನ್ರಿ” ಎಂದೆ. ಎಲ್ಲರ ಮುಂದೆ ಅಷ್ಟು ಜೋರಾಗಿ ನಾನು ಮಾತಾಡಿದ್ದು ಅದೇ ಮೊದಲು.

ಸಾಹುಕಾರರ ತಾಯಿ ನನ್ನ ಬರಿ ಹಣೆ ನೋಡಿದರು. “ಚೌಕಟ್ಟಿಗೆ ಅರಿಶಿಣ ಕುಂಕುಮ ನಾವು ಹಚ್ತೀವಿ. ಆಕಿ ಕಟ್ಯಾಳಂದ್ರ ಬಾಗಿಲಾ ಆಕಿನ ನಿಂದ್ರಸ್ಲಿ” ಎಂದರು.

ನಿಲ್ಲಿಸಿದೆ. ತೂಗುಗುಂಡು ಬಿಟ್ಟು ನೋಡಿದೆ. ಚೌಕಟ್ಟು ನೆಟ್ಟಗೇ ಇತ್ತು. ಮರುದಿನ ಸಾಹುಕಾರರು ಬಂದು ನಿಂತಾಗಲೂ ನಾನು ಇಟ್ಟಿಗೆ ಇಡುವುದನ್ನು ನಿಲ್ಲಿಸಲಿಲ್ಲ. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಆಚೆ ಹೋದರು.

ವಯಸ್ಸಾದ ಮೇಲೆ ಅವರು ಸಿರವಾರದಲ್ಲಿ ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣು ಕೊಡಲು ಹೋಗಲಾಗಲಿಲ್ಲ...

ಈ ಕಥೆ ಹೇಳಿದಾಗಲೆಲ್ಲ ನೀವು, “ಅಜ್ಜೀ, ನೀ ಹಿಡೀಲಿಲ್ಲಂದ್ರ ಖರೇನ ಕೆಡವ್ತಿದ್ರಾ?” ಎಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಆಮೇಲೂ ಅವರ ಹತ್ತಿರ ಎಷ್ಟೋ ವರ್ಷ ಕೆಲಸ ಮಾಡಿದೆ, ಕೇಳಬಹುದಿತ್ತು. ನಾಚಿಕೆಗೆ ಕೇಳಲಿಲ್ಲ. ಈಗ ನನಗೆ ನಾಚಿಕೆಯಿಲ್ಲ, ಅವರಿಲ್ಲ.